ಟಿಪ್ಪಣಿಯ ವಿಳಾಸ
(ಸಂಶೋಧನ ಟಿಪ್ಪಣಿಗಳ ಸಂಯೋಜನೆಯನ್ನು ಕುರಿತ ದತ್ತಿ ಉಪನ್ಯಾಸ)



ಗ್ರಂಥಗಳನ್ನೂ ಗ್ರಂಥಕರ್ತರನ್ನೂ ಕುರಿತು ಈ ಪೀಠದಿಂದ ಹಲವು ಉಪನ್ಯಾಸಗಳು ನಡೆದಿರುವಾಗ, ಗ್ರಂಥವು ಗ್ರಂಥವಾಗುವುದಕ್ಕೆ ಮೊದಲಿನ ಅವಸ್ಥೆಯಾದ ಟಿಪ್ಪಣಿಗಳನ್ನು ಕುರಿತು ಮಾತನಾಡುವುದು ಸಭೆಗೆ ಉಚಿತವೋ ಅಲ್ಲವೋ ಎಂಬ ಸಂಕೋಚ ನನಗುಂಟು. ಆದರೂ ನಮ್ಮ ಸಂಶೋಧಕರ ಶ್ರಮದಲ್ಲಿ ಬಹುಭಾಗವು ವ್ಯರ್ಥವಾಗುವುದು ಓದಿನ ಕೊರತೆಯಿಂದಲ್ಲ, ಓದಿದ್ದು ಬೇಕಾದ ಹೊತ್ತಿಗೆ ಕೈಗೆ ಸಿಕ್ಕದಿರುವುದರಿಂದ ಎಂಬ ನಂಬಿಕೆಯೇ ನನ್ನನ್ನು ಈ ವಿಷಯಕ್ಕೆ ಎಳೆದು ತಂದಿದೆ.

ಚೀಟಿಗಳ ಪದ್ಧತಿ ಹೊಸದೇನೂ ಅಲ್ಲ. ಸ್ವಿಟ್ಜರ್ಲೆಂಡಿನ ಪಂಡಿತ ಕಾನ್ರಾಡ್ ಗೆಸ್ನರ್ 1548ರಷ್ಟು ಹಿಂದೆಯೇ, ಓದಿದುದನ್ನು ಹಾಳೆಯ ಒಂದೇ ಮಗ್ಗುಲಲ್ಲಿ ಬರೆದು, ಕತ್ತರಿಸಿ, ಬೇಕಾದ ಅನುಕ್ರಮದಲ್ಲಿ ಜೋಡಿಸಿಕೊಳ್ಳುವ ವಿಧಾನವನ್ನು ವಿವರಿಸಿದ್ದನು. ಆಕ್ಸ್‌ಫರ್ಡಿನ ಮಹಾನಿಘಂಟಿಗಾಗಿ ಜೇಮ್ಸ್ ಮರೆ ಕಲೆಹಾಕಿದ ಚೀಟಿಗಳ ರಾಶಿ ಲೋಕಪ್ರಸಿದ್ಧವಾದದ್ದು. ಆದರೆ ನಿಘಂಟುಕಾರನಿಗೆ ಅಕಾರಾದಿಕ್ರಮವು ಸಿದ್ಧವಾಗಿ ದೊರೆಯುತ್ತದೆ. ಇತಿಹಾಸವನ್ನೋ ಸಮಾಜವನ್ನೋ ಶೋಧಿಸುವವನಿಗೆ ಅಂಥ ಕ್ರಮ ಯಾವುದೂ ಮೊದಲೇ ಇರುವುದಿಲ್ಲ. ಅವನು ಹುಡುಕಹೊರಟಿರುವುದೇ ಅದನ್ನು.

ಈ ತೊಡಕಿಗೆ ಪರಿಹಾರವನ್ನು ಕಂಡವರಲ್ಲಿ ಅಗ್ರಗಣ್ಯರು ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ (1927–1998). ಬೀಲೆಫೆಲ್ಡ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಇವರು ನಾಲ್ಕು ದಶಕಗಳಿಗೂ ಮಿಕ್ಕಿದ ಕಾಲದಲ್ಲಿ ಸುಮಾರು 90,000 ಚೀಟಿಗಳನ್ನು ಬರೆದು ಮರದ ಪೆಟ್ಟಿಗೆಗಳಲ್ಲಿಟ್ಟರು. ಚೀಟಿಗಳನ್ನು ವಿಷಯವಾರು ವಿಂಗಡಿಸಿಡುವುದನ್ನು ಬಿಟ್ಟು, ಒಂದೊಂದಕ್ಕೂ ಎಂದೆಂದಿಗೂ ಬದಲಾಗದ ಒಂದು ಸಂಖ್ಯೆಯನ್ನು ಕೊಡುತ್ತಿದ್ದುದು ಅವರ ಕ್ರಮದ ವೈಶಿಷ್ಟ್ಯ. 57/12ರ ಮಾತು 57/13ರಲ್ಲಿ ಮುಂದುವರಿದಿದ್ದರೂ, ವರ್ಷಗಳು ಕಳೆದ ಮೇಲೆ 57/12ರಲ್ಲಿನ ಯಾವುದೋ ಒಂದು ಶಬ್ದದಿಂದ ಬೇರೊಂದು ಆಲೋಚನೆ ಕವಲೊಡೆದರೆ, ಅದು 57/12ಎ ಎಂಬ ಅಂಕಿತವನ್ನು ಪಡೆದು ಅವೆರಡರ ನಡುವೆ ಸೇರುತ್ತಿತ್ತು. ಆ ಕವಲಿಗೂ ಉಪಕವಲುಗಳು ಹುಟ್ಟಬಹುದಾಗಿತ್ತು. ವಿಷಯಸೂಚಿಯಲ್ಲಿಯೂ ಒಂದೊಂದು ಶಬ್ದದ ಮುಂದೆ ಕೆಲವೇ ಸಂಖ್ಯೆಗಳಿರುತ್ತಿದ್ದುವು. ಅಲ್ಲಿಂದ ಒಳಹೊಕ್ಕವನು ಚೀಟಿಯಿಂದ ಚೀಟಿಗೆ ತಾನೇ ನಡೆದು ಹೋಗಬೇಕು. ತಮ್ಮ ಚೀಟಿಪೆಟ್ಟಿಗೆಯನ್ನು ತಮ್ಮೊಡನೆ ಸಂಭಾಷಿಸುವ ಸಹಚರನೆಂದೇ ಅವರು 1981ರ ಒಂದು ಪ್ರಬಂಧದಲ್ಲಿ ವರ್ಣಿಸಿದ್ದಾರೆ. ಇದು ಅತಿಶಯೋಕ್ತಿಯೆಂದು ನಾನು ಭಾವಿಸುವುದಿಲ್ಲ.

ನಮ್ಮ ಕಂದಾಯ ಇಲಾಖೆಯ ಸರ್ವೆ ನಂಬರನ್ನು ಬಲ್ಲವರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ: ಹೊಲದ ಒಡೆಯ ಬದಲಾಗಬಹುದು, ರಾಗಿ ಹೋಗಿ ಅಡಕೆ ಬರಬಹುದು, ಪಾಲಾಗಿ ಹಿಸ್ಸೆಗಳೇಳಬಹುದು, ಆದರೆ ನಂಬರು ಇದ್ದಲ್ಲಿಯೇ ಇರುತ್ತದೆ.

ಇಂದು ಮರದ ಪೆಟ್ಟಿಗೆಯ ಸ್ಥಾನದಲ್ಲಿ ಗಣಕದ ಸಾದಾ ಪಠ್ಯದ ಎಡಿಟರ್ ನಿಂತಿದೆ. 1970ರ ದಶಕದಲ್ಲಿ ಹುಟ್ಟಿ ಇಂದಿಗೂ ಬಳಕೆಯಲ್ಲಿರುವ ಈಮ್ಯಾಕ್ಸ್ ಎಂಬ ಎಡಿಟರಿನೊಳಗೆ, ಖಗೋಳವಿಜ್ಞಾನಿ ಕಾರ್ಸ್ಟನ್ ಡೊಮಿನಿಕ್ ಅವರು 2003ರಲ್ಲಿ ಆರ್ಗ್-ಮೋಡ್ ಎಂಬ ವ್ಯವಸ್ಥೆಯನ್ನು ಮೊದಲು ತಮ್ಮ ಟಿಪ್ಪಣಿಗಳಿಗಾಗಿಯೇ ರಚಿಸಿಕೊಂಡರು. 2022ರಲ್ಲಿ ಪ್ರೊಟೆಸಿಲಾಓಸ್ ಸ್ಟಾವ್ರು ರಚಿಸಿದ ಡಿನೋಟ್ ಎಂಬ ವ್ಯವಸ್ಥೆ ಇನ್ನೂ ಸರಳವಾದುದು: ಟಿಪ್ಪಣಿ ಹುಟ್ಟಿದ ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡುಗಳನ್ನು, ದಿನಕ್ಕೂ ಗಂಟೆಗೂ ನಡುವೆ T ಅಕ್ಷರವನ್ನಿಟ್ಟು, ಸಾಲಾಗಿ ಬರೆದ ಅಂಕಿಗಳೇ ಕಡತದ ಗುರುತು, ಅದರ ಮುಂದೆ ಶೀರ್ಷಿಕೆ, ಅದರ ಮುಂದೆ ಒಂದೆರಡು ವಿಷಯಪದಗಳು.

ಉದಾಹರಣೆಯೊಂದನ್ನು ನೋಡೋಣ. ಒಬ್ಬ ಶಾಸನಾಭ್ಯಾಸಿ, ಎಂ. ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ ಹಲ್ಮಿಡಿ ಶಾಸನವನ್ನು ಕುರಿತು ‘ಕನ್ನಡದ ಮೊದಲ ಶಾಸನ’ ಎಂಬ ಶೀರ್ಷಿಕೆಯಲ್ಲಿ ಟಿಪ್ಪಣಿ ಬರೆದು, ಬೇರೆ ಹತ್ತಾರು ಕಡೆಗಳಿಂದ ಅದಕ್ಕೆ ಕೊಂಡಿಗಳನ್ನು ಕೊಟ್ಟಿದ್ದನೆನ್ನಿ. ಬಳಿಕ ತಾಳಗುಂದದಲ್ಲಿ ಸಿಂಹಕಟಾಂಜನದ ಶಾಸನವು ದೊರೆತು, ಅದರ ಕಾಲ ಕ್ರಿ.ಶ. ಸುಮಾರು 370 ಎಂದು ಪುರಾತತ್ತ್ವ ಇಲಾಖೆಯವರು ಹೇಳಿದರು. ಹಳೆಯ ಶೀರ್ಷಿಕೆ ಈಗ ಅಳಿಸತಕ್ಕದ್ದಾಯಿತು. ಕೊಂಡಿಗಳೆಲ್ಲ ಶೀರ್ಷಿಕೆಯನ್ನೇ ಹಿಡಿದು ನಿಂತಿದ್ದರೆ ಅವು ಒಂದೊಂದಾಗಿ ಕಡಿದು ಬೀಳುವುವು. 20110904T063045 ಎಂಬಂಥ ಅಂಕಿಯನ್ನು ಹಿಡಿದಿದ್ದರೆ ಶೀರ್ಷಿಕೆಯನ್ನು ‘ಹಲ್ಮಿಡಿ: ಪ್ರಾಚೀನತೆಯ ಪ್ರಶ್ನೆ’ ಎಂದು ತಿದ್ದಿದರೂ ಒಂದು ಕೊಂಡಿಯೂ ಅಲುಗುವುದಿಲ್ಲ. ಸಂಶೋಧಕನು ತನ್ನ ಅಭಿಪ್ರಾಯವನ್ನು ಬದಲಿಸಿಕೊಳ್ಳುವ ಸ್ವಾತಂತ್ರ್ಯವನ್ನು ಇಂಥ ಜಡವಾದ ಸಂಖ್ಯೆಯೊಂದು ಕಾಪಾಡುತ್ತದೆಯೆಂಬುದು ನನಗೆ ಸೋಜಿಗವಾಗಿ ತೋರುತ್ತದೆ.

ಕೊಂಡಿಯ ವಿಚಾರದಲ್ಲಿ ಮಾತ್ರ ನಾನು ಸ್ವಲ್ಪ ನಿಷ್ಠುರನು. ಯಾವ ಯಾವ ಟಿಪ್ಪಣಿಗಳು ಈ ಟಿಪ್ಪಣಿಯನ್ನು ಹೆಸರಿಸಿವೆ ಎಂದು ಯಂತ್ರವು ತಾನೇ ಪಟ್ಟಿಮಾಡಿ ಕೊಡುವುದು ನಿಜವಾದ ಉಪಕಾರ. ಆದರೆ ಟಿಪ್ಪಣಿಗಳನ್ನೆಲ್ಲ ಚುಕ್ಕೆಗಳಾಗಿಯೂ ಕೊಂಡಿಗಳನ್ನು ಗೆರೆಗಳಾಗಿಯೂ ಪರದೆಯ ಮೇಲೆ ಹರಡಿ ತೋರಿಸುವ ನಕ್ಷೆಯನ್ನು ನೋಡಿ ಮೈಮರೆಯುವವರಿಗೆ, ಆ ಗೆರೆಗಳಲ್ಲಿ ಎಷ್ಟಕ್ಕೆ ಕಾರಣ ಹೇಳಬಲ್ಲಿರೆಂದು ಕೇಳಬೇಕೆನಿಸುತ್ತದೆ. ‘ಇದನ್ನೂ ನೋಡಿ’ ಎಂದಷ್ಟೇ ಬರೆದ ಕೊಂಡಿ ವರ್ಷ ಕಳೆದರೆ ಬರೆದವನಿಗೇ ಅರ್ಥವಾಗದು. ‘ಇಲ್ಲಿನ ಲಿಪಿಸ್ವರೂಪದ ಆಧಾರವನ್ನು ಆ ಟಿಪ್ಪಣಿ ಸಂದೇಹಿಸುತ್ತದೆ’ ಎಂದು ಒಂದು ವಾಕ್ಯ ಬರೆದು ಅಂಕಿಯನ್ನು ಕೊಟ್ಟರೆ, ಪ್ರಬಂಧದ ಒಂದು ವಾಕ್ಯ ಆಗಲೇ ಸಿದ್ಧವಾದಂತೆ.

ಹುಡುಕುವ ಸೌಕರ್ಯವಿರುವಾಗ ಕೊಂಡಿ ಏತಕ್ಕೆ ಎಂದು ಕೇಳುವವರುಂಟು. ಕನ್ನಡದಲ್ಲಿ ಬರೆಯುವವನು ಈ ಪ್ರಶ್ನೆಯನ್ನು ಕೇಳಲಾರನು. ‘ಅಗ್ರಹಾರ’ ಎಂದು ಹುಡುಕಿದರೆ ‘ಅಗ್ರಹಾರದ’, ‘ಅಗ್ರಹಾರಗಳು’ ಸಿಕ್ಕುವುವು. ಸಂಧಿಯಾದ ‘ಮಹಾಗ್ರಹಾರ’ವಾಗಲಿ, ಶಾಸನಗಳ ‘ಶ್ರೀಮದನಾದಿಯಗ್ರಹಾರ’ವಾಗಲಿ ಸಿಕ್ಕದು, ಏಕೆಂದರೆ ಅವುಗಳಲ್ಲಿ ಅಕಾರವು ಅಕ್ಷರರೂಪದಲ್ಲಿ ಇಲ್ಲವೇ ಇಲ್ಲ. ಆದ್ದರಿಂದ ‘ಗ್ರಹಾರ’ ಎಂಬ ತುಂಡನ್ನೇ ಹುಡುಕುವುದು ಜಾಣತನ. ‘ಲೋಕ’ ಶಬ್ದದ ಓಕಾರವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ, ಬಿಡಿ ಸಂಕೇತಗಳ ಸರಣಿಯಾಗಿಯೂ ಬರೆಯಬಹುದಾಗಿದ್ದು, ಕಣ್ಣಿಗೆ ಎರಡೂ ಒಂದೇ, ಸರಳವಾದ ಹುಡುಕಾಟಕ್ಕೆ ಬೇರೆ ಬೇರೆ. ಅರ್ಕಾವೊತ್ತಿನ ‘ಕಾರ್ಯ’ಕ್ಕೂ ರೇಫವನ್ನು ಮುಂದಿಟ್ಟು ಬರೆದ ‘ಕಾರ‍್ಯ’ಕ್ಕೂ ನಡುವೆ ಕಾಣದ ಸಂಕೇತವೊಂದು ಅಡಗಿ ಕುಳಿತಿರುತ್ತದೆ. ಯೂನಿಕೋಡಿಗೆ ಮುಂಚಿನ ಫಾಂಟುಗಳಲ್ಲಿ ಬರೆದಿಟ್ಟ ಕಡತಗಳಂತೂ ಆ ಫಾಂಟಿಲ್ಲದ ಗಣಕದಲ್ಲಿ ರೋಮನ್ ಅಕ್ಷರಗಳ ಅರ್ಥಹೀನ ಸಾಲುಗಳಾಗಿ ಕಾಣುವುವು. ಅವನ್ನು ಮೊದಲು ಪರಿವರ್ತಿಸಿಕೊಳ್ಳದೆ ಬೇರೆ ದಾರಿಯಿಲ್ಲ.

ಹೀಗಾಗಿ ಪ್ರತಿಯೊಬ್ಬ ಅಭ್ಯಾಸಿಯೂ ತನ್ನ ಕ್ಷೇತ್ರದ ಮುಖ್ಯ ಪದಗಳಿಗೆ ಒಂದೊಂದು ಸೂಚಿಟಿಪ್ಪಣಿಯನ್ನು ತೆರೆದು, ಆ ಪದದ ಕಾಗುಣಿತಭೇದಗಳನ್ನೂ ಸಂಧಿರೂಪಗಳನ್ನೂ ಕಂಡಕಂಡಾಗಲೆಲ್ಲ ಅಲ್ಲಿ ಬರೆದು, ಅವು ದೊರೆತ ಟಿಪ್ಪಣಿಗಳ ಅಂಕಿಗಳನ್ನು ಎದುರಿಗೆ ನಮೂದಿಸಬೇಕೆಂದು ನನ್ನ ಸಲಹೆ. ಕಿರಿಯ ಮಿತ್ರರು ಇಂಥ ಸೂಚಿಗಳನ್ನು ಪರಸ್ಪರ ಕೊಟ್ಟುಕೊಳ್ಳಬಹುದು. ಕಡತವು ಸಾದಾ ಪಠ್ಯವಾದಕಾರಣ, ಪಡೆದವರ ಬಳಿ ಯಾವ ಎಡಿಟರ್ ಇದ್ದರೂ ಅದು ತೆರೆದುಕೊಳ್ಳುತ್ತದೆ.