ಗಾಳಿಗೆ ಮುರಿದ ಬಿದಿರು

ಒಂದು ಕಾಗದ, ಒಂದು ಪೆನ್ಸಿಲು ಕೈಗೆ ತೆಗೆದುಕೊಂಡು ಈ ಲೆಕ್ಕ ನೋಡಿ. 18 ಮೊಳದ ಬಿದಿರೊಂದು ನೆಟ್ಟಗೆ ನಿಂತಿದೆ. ಬಿರುಗಾಳಿಗೆ ಅದು ನಡುವೆ ಎಲ್ಲೋ ಮುರಿಯಿತು. ಮುರಿದ ಭಾಗ ಕಳಚಿಹೋಗದೆ ವಾಲಿ, ಅದರ ತುದಿ ಬುಡದಿಂದ 6 ಮೊಳ ದೂರದಲ್ಲಿ ನೆಲ ಮುಟ್ಟಿತು. ಬಿದಿರು ಮುರಿದದ್ದು ಎಷ್ಟು ಎತ್ತರದಲ್ಲಿ?

ಒಂದನೆಯ ಭಾಸ್ಕರ 629ರಲ್ಲಿ ಆರ್ಯಭಟೀಯಕ್ಕೆ ಬರೆದ ವ್ಯಾಖ್ಯಾನದಲ್ಲಿ ಈ ಲೆಕ್ಕವಿದೆ. ಅವನು ಇದನ್ನು ಬಿಡಿಸಿದ್ದು ವೃತ್ತದ ನೆರವಿನಿಂದ. ಮುರಿದ ತುಂಡು ಗಡಿಯಾರದ ಮುಳ್ಳಿನ ಹಾಗೆ ತಿರುಗಿ ಕೆಳಗೆ ಬಂದಿದೆಯಲ್ಲವೆ? ಹಾಗಾದರೆ ಮುರಿದ ಜಾಗವೇ ಕೇಂದ್ರ, ಮುರಿದ ತುಂಡೇ ತ್ರಿಜ್ಯ. ನೆಲದ ಗೆರೆ ಈ ವೃತ್ತದ ಜ್ಯಾ. ಅದರ ಅರ್ಧ 6. ನೆಲದಿಂದ ಮೇಲಕ್ಕೆ ವೃತ್ತದ ನೆತ್ತಿಯವರೆಗೆ ಒಂದು ಶರ, ಅದು ಬಿದಿರಿನ ಪೂರ್ತಿ ಉದ್ದ 18. ನೆಲದಿಂದ ಕೆಳಕ್ಕೆ ವೃತ್ತದ ತಳದವರೆಗೆ ಇನ್ನೊಂದು ಶರ. ಎರಡು ಶರಗಳ ಗುಣಲಬ್ಧ ಅರ್ಧಜ್ಯಾದ ವರ್ಗಕ್ಕೆ ಸಮ ಎಂಬುದು ಆರ್ಯಭಟ ಹೇಳಿದ ಸೂತ್ರ. ಅರ್ಧಜ್ಯಾದ ವರ್ಗ 36. ಅದನ್ನು 18ರಿಂದ ಭಾಗಿಸಿದರೆ ಕೆಳಗಿನ ಶರ 2. ಎರಡೂ ಶರ ಕೂಡಿದರೆ ವ್ಯಾಸ 20, ಆದ್ದರಿಂದ ಮುರಿದ ತುಂಡು 10 ಮೊಳ. ಬುಡದಲ್ಲಿ ನಿಂತು ಉಳಿದದ್ದು 8 ಮೊಳ.

ಇದೇ ಬಿದಿರು ಚೀನಾದ ಹಳೆಯ ಗಣಿತಗ್ರಂಥ 'ಒಂಬತ್ತು ಅಧ್ಯಾಯಗಳು' ಎಂಬುದರಲ್ಲೂ ಇದೆ. ಲಿಯು ಹುಯಿ 263ರಲ್ಲಿ ಆ ಗ್ರಂಥಕ್ಕೆ ವ್ಯಾಖ್ಯಾನ ಬರೆದ. ಅಲ್ಲಿ ಬಿದಿರಿನ ಉದ್ದ 10 ಚಿ, ತುದಿ ಬಿದ್ದ ದೂರ 3 ಚಿ. ಉತ್ತರ 4 ಚಿ ಮತ್ತು 20ರಲ್ಲಿ 11 ಭಾಗ. ನಮ್ಮ ನಾಡಿನಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ಸುಮಾರು 850ರಲ್ಲಿ ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿಯೂ ಈ ಬಗೆಯ ಲೆಕ್ಕ ಬರುತ್ತದೆ. 1150ರ 'ಲೀಲಾವತಿ'ಯಲ್ಲಿ ಎರಡನೆಯ ಭಾಸ್ಕರ 32 ಮೊಳದ ಬಿದಿರನ್ನು ಮುರಿದು, ತುದಿಯನ್ನು 16 ಮೊಳ ದೂರಕ್ಕೆ ತಾಗಿಸಿದ. ಆ ಗ್ರಂಥ 1587ರಲ್ಲಿ ಫೈಜಿಯಿಂದ ಪಾರಸಿಗೆ, 1817ರಲ್ಲಿ ಕೋಲ್‌ಬ್ರೂಕ್‌ನಿಂದ ಇಂಗ್ಲಿಷಿಗೆ ಹೋಯಿತು.

ಇನ್ನು ನಮ್ಮ ಮಕ್ಕಳ ಪುಸ್ತಕಕ್ಕೆ ಬನ್ನಿ. 2007ರಲ್ಲಿ ಬಂದ ಎನ್.ಸಿ.ಇ.ಆರ್.ಟಿ. ಏಳನೆಯ ತರಗತಿಯ ಗಣಿತ ಪುಸ್ತಕದಲ್ಲಿ ಬಿದಿರು ಮರವಾಗಿದೆ. ಮರ 5 ಮೀಟರ್ ಎತ್ತರದಲ್ಲಿ ಮುರಿದಿದೆ, ತುದಿ 12 ಮೀಟರ್ ದೂರದಲ್ಲಿ ಬಿದ್ದಿದೆ, ಮರದ ಮೂಲ ಎತ್ತರ ಎಷ್ಟು ಎಂಬುದು ಪ್ರಶ್ನೆ. ಪೈಥಾಗೊರಸನ ಪ್ರಮೇಯ ಹಚ್ಚಿದರೆ ವಾಲಿದ ಭಾಗ 13, ಅದಕ್ಕೆ 5 ಕೂಡಿದರೆ 18. ಲೆಕ್ಕ ಮುಗಿಯಿತು.

ಆದರೆ ಗಮನಿಸಿದಿರಾ? ಪ್ರಶ್ನೆಯೇ ತಿರುಗಿಹೋಗಿದೆ. ಹಳಬರು ಕೇಳಿದ್ದನ್ನು ಇಲ್ಲಿ ಮೊದಲೇ ಕೊಟ್ಟುಬಿಟ್ಟಿದ್ದಾರೆ. ಅವರು ಕೊಟ್ಟದ್ದನ್ನು ಕೇಳಿದ್ದಾರೆ. ಹನ್ನೆರಡು ವರ್ಷದ ಮಗುವಿಗೆ ಪ್ರಮೇಯ ಪರಿಚಯಿಸಲು ಇದು ಸುಲಭದ ದಾರಿ, ತಪ್ಪೇನಿಲ್ಲ. ಆದರೆ ಲೆಕ್ಕ ಅಲ್ಲಿಗೇ ನಿಂತರೆ, ಎರಡು ಭಾಗಗಳ ಮೊತ್ತ ಮಾತ್ರ ತಿಳಿದಿರುವಾಗ ಒಂದೊಂದನ್ನೂ ಬಿಡಿಸಿ ತೆಗೆಯುವ ಜಾಣ್ಮೆ, ನೆಟ್ಟಗಿನ ಬಿದಿರಿನಲ್ಲಿ ವೃತ್ತವನ್ನು ಕಾಣುವ ಕಣ್ಣು, ಎರಡೂ ಮಗುವಿಗೆ ದೊರೆಯದೆ ಹೋಗುತ್ತವೆ. ಹಿಂದಿನವರು ದೊಡ್ಡವರೆಂದು ಬೀಗಲು ಹಳೆಯ ಪುಸ್ತಕ ತೆರೆಯಬೇಕಾಗಿಲ್ಲ. ಅವರು ಕೇಳಿದ ಪ್ರಶ್ನೆಯನ್ನು ನಾವೂ ಕೇಳಿಕೊಳ್ಳಲು ತೆರೆಯಬೇಕು.

ಆದ್ದರಿಂದ ಅಧ್ಯಾಪಕ ಮಿತ್ರರಲ್ಲಿ, ತಂದೆತಾಯಂದಿರಲ್ಲಿ ಒಂದು ವಿನಂತಿ. ಮಕ್ಕಳು ಹೊಸ ಲೆಕ್ಕ ಮಾಡಿ ಮುಗಿಸಿದ ಮೇಲೆ ಹಳೆಯದನ್ನೂ ಮುಂದಿಡಿ. ಲೀಲಾವತಿಯ 32 ಮೊಳದ ಬಿದಿರು ಎಲ್ಲಿ ಮುರಿಯಿತು? ಉತ್ತರವನ್ನು ಇಲ್ಲಿ ಕೊಡುವುದಿಲ್ಲ. ಕಾಗದ, ಪೆನ್ಸಿಲು ನಿಮ್ಮ ಕೈಯಲ್ಲೇ ಇವೆಯಲ್ಲ!