ಒಂದು ಭೇಟಿಗೆ 1.55 ಡಾಲರ್: ಮುಟಾರೆಯ ಚರ್ಚ್ ಸ್ವಯಂಸೇವಕಿಯರ ಲೆಕ್ಕ



ಈ ದತ್ತಿ ಉಪನ್ಯಾಸ ಯಾರ ಹೆಸರಿನಲ್ಲಿದೆಯೋ ಆ ಮೇಷ್ಟ್ರು ಅರ್ಥಶಾಸ್ತ್ರ ಕಲಿಸಿದವರು. ಯಾವ ಲೆಕ್ಕ ತೋರಿಸಿದರೂ ‘ಇದರಲ್ಲಿ ಯಾರ ಖರ್ಚು ಬಿಟ್ಟುಹೋಗಿದೆ?’ ಎಂದು ಕೇಳುತ್ತಿದ್ದರಂತೆ. ಅವರ ಹೆಸರಿನ ವೇದಿಕೆಗೆ ಕರೆದದ್ದು ನನಗೆ ಗೌರವ. ಆಫ್ರಿಕಾದಲ್ಲಿ ಏಡ್ಸ್ ಹೇಗೆ ಹಬ್ಬಿತು, ಎಷ್ಟು ಮಕ್ಕಳು ತಬ್ಬಲಿಗಳಾದರು ಎಂಬುದು ಯುನಿಸೆಫ್ ವರದಿಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಅದನ್ನು ಇಲ್ಲಿ ಓದಿ ಒಪ್ಪಿಸುವುದಿಲ್ಲ. ನನ್ನ ತಕರಾರು ಒಂದೇ ಒಂದು ಅಂಕಿಯ ಮೇಲೆ.

ಜಿಂಬಾಬ್ವೆಯ ಪೂರ್ವದಂಚಿನಲ್ಲಿ, ಮೊಜಾಂಬಿಕ್ ಗಡಿಗೆ ಅಂಟಿಕೊಂಡು ಮುಟಾರೆ ಇದೆ. ಅಲ್ಲಿನ ಮಕ್ಕಳ ವೈದ್ಯ ಜೆಫ್ ಫಾಸ್ಟರ್ 1987ರಲ್ಲಿ ‘ಫ್ಯಾಕ್ಟ್’ ಎಂಬ ಸಂಸ್ಥೆ ಕಟ್ಟಿದರು. ಅದರ ‘ಫೋಕಸ್’ ಕಾರ್ಯಕ್ರಮ 1993ರಲ್ಲಿ ಹಳ್ಳಿಗಾಡಿನಲ್ಲಿ ಆರಂಭವಾಯಿತು. ಅನಾಥಾಲಯ ಕಟ್ಟಲಿಲ್ಲ. ಊರಿನ ಚರ್ಚುಗಳಿಂದ ಹೆಂಗಸರನ್ನು ಆರಿಸಿ ತರಬೇತಿ ಕೊಟ್ಟರು. ಅವರಲ್ಲಿ ಅನೇಕರು ವಿಧವೆಯರು. ತಮ್ಮ ಊರಿನ ತಬ್ಬಲಿ ಮಕ್ಕಳ ಪಟ್ಟಿ ಮಾಡುವುದು, ತೀರಾ ಕಷ್ಟದಲ್ಲಿರುವ ಮನೆಗಳಿಗೆ ಮತ್ತೆ ಮತ್ತೆ ಹೋಗಿಬರುವುದು, ಇಷ್ಟೇ ಕೆಲಸ.

ಇಷ್ಟೇ ಎಂದೆ, ಆದರೆ ಅಂಥ ಒಂದು ಭೇಟಿಯನ್ನು ಹತ್ತಿರದಿಂದ ನೋಡಬೇಕು. ಒಂದು ಮನೆಯಲ್ಲಿ ಅಜ್ಜಿ, ಮೂರು ಮೊಮ್ಮಕ್ಕಳು. ಬಂದ ಸ್ವಯಂಸೇವಕಿ ಮೊದಲು ನೋಡುವುದು ಹಿಟ್ಟಿನ ಡಬ್ಬ. ಅಲ್ಲಿ ಹೊಟ್ಟೆ ತುಂಬುವುದು ಸಾಡ್ಜಾದಿಂದ, ನಮ್ಮ ರಾಗಿಮುದ್ದೆಯಂಥದೇ, ಮೆಕ್ಕೆಜೋಳದ ಹಿಟ್ಟಿನದು. ಆಮೇಲೆ ಕಂಬಳಿ ಎಷ್ಟಿವೆ, ದೊಡ್ಡ ಹುಡುಗಿ ಶಾಲೆ ಬಿಟ್ಟಳೇ, ಅಪ್ಪ ಸತ್ತ ಮೇಲೆ ಅವನ ಕಡೆಯವರು ನೇಗಿಲು ಹೊತ್ತೊಯ್ದರೇ ಎಂದು ವಿಚಾರಿಸುತ್ತಾಳೆ. ಮಾತಾಡುತ್ತಲೇ ಕೊಡ ಎತ್ತಿಕೊಂಡು ನೀರಿಗೆ ಹೋಗುತ್ತಾಳೆ. ಹೊರಡುವ ಮುಂಚೆ ಪುಸ್ತಕದಲ್ಲಿ ಒಂದು ಗೀಟು ಎಳೆಯುತ್ತಾಳೆ.

1996ರ ಲೆಕ್ಕದಲ್ಲಿ ಅಂಥ ಗೀಟುಗಳು 9,634. ಸ್ವಯಂಸೇವಕಿಯರು 88, ಕುಟುಂಬಗಳು 798, ಮಕ್ಕಳು 3,192. ಒಂದು ಭೇಟಿಗೆ ತಗುಲಿದ್ದು ಸರಾಸರಿ 1.55 ಅಮೆರಿಕನ್ ಡಾಲರ್. ತಬ್ಬಲಿ ಮಕ್ಕಳ ಆರೈಕೆಯನ್ನು ಅಗ್ಗವಾಗಿ ಮಾಡಬಹುದು ಎಂಬುದಕ್ಕೆ ಇದನ್ನೇ ಸಾಕ್ಷಿಯಾಗಿ ಮುಂದಿಡುತ್ತಾರೆ.

ಈಗ ಮೇಷ್ಟ್ರ ಪ್ರಶ್ನೆ ಕೇಳೋಣ. ಒಟ್ಟು ಖರ್ಚು ಸುಮಾರು 15,000 ಡಾಲರ್. ಒಬ್ಬೊಬ್ಬಳ ಪಾಲಿಗೆ ಬಂದದ್ದು ಒಂಬತ್ತು ಮನೆ, 109 ಭೇಟಿ. ಆ ನಡಿಗೆಗೆ, ಹೊತ್ತ ನೀರಿಗೆ, ಬಿಟ್ಟುಬಂದ ತನ್ನ ಹೊಲದ ಕಳೆಗೆ ಈ ಲೆಕ್ಕದಲ್ಲಿ ಹಿಡಿದ ಕೂಲಿ ಸೊನ್ನೆ. ಹಾಗಾಗಿ ಆರೈಕೆ ಅಗ್ಗವಾಗಿರಲಿಲ್ಲ. ಅದರ ಬಹುಪಾಲನ್ನು ಆ ಹೆಂಗಸರೇ ಭರಿಸಿದ್ದರು.

ಇದಕ್ಕೆ ಎದುರು ವಾದವಿದೆ, ಬಲವಾದದ್ದೇ. ದುಡ್ಡು ಕೊಟ್ಟರೆ ಸೇವಾಭಾವ ಸಾಯುತ್ತದೆ, ನೆರೆಯವಳು ನೌಕರಳಾಗುತ್ತಾಳೆ, ಹೊರಗಿನ ಹಣ ನಿಂತ ದಿನ ಭೇಟಿಯೂ ನಿಲ್ಲುತ್ತದೆ ಎಂದು. ಮೂರನೆಯ ಮಾತನ್ನು ಒಪ್ಪುತ್ತೇನೆ. ಮೊದಲೆರಡನ್ನು ಒಪ್ಪಲಾರೆ. ಪಾದ್ರಿಗೆ ಸಂಬಳವಿದೆ, ಯೋಜನಾಧಿಕಾರಿಗೆ ಸಂಬಳವಿದೆ, ಮೌಲ್ಯಮಾಪನಕ್ಕೆ ವಿಮಾನದಲ್ಲಿ ಬರುವ ತಜ್ಞನಿಗೆ ದಿನಭತ್ಯೆ ಇದೆ. ಇವರ್ಯಾರ ಸೇವಾಭಾವಕ್ಕೂ ದುಡ್ಡಿನಿಂದ ಧಕ್ಕೆಯಾಗಿಲ್ಲ. ಬರಿಗಾಲಲ್ಲಿ ನಡೆಯುವವಳ ಭಕ್ತಿ ಮಾತ್ರ ಅಷ್ಟು ನಾಜೂಕೆ? ಸಮುದಾಯ ಆರೋಗ್ಯ ಕಾರ್ಯಕರ್ತರಿಗೆ ಕೆಲಸಕ್ಕೆ ತಕ್ಕ ಸಂಭಾವನೆ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2018ರ ಮಾರ್ಗಸೂಚಿಯಲ್ಲಿ ಹೇಳಿತು. ಚರ್ಚಿನ ಹೆಂಗಸರಿಗೆ ಅದು ಅನ್ವಯಿಸದು ಎನ್ನುವವರು ಕಾರಣ ಕೊಡಬೇಕು.

ಅನಾಥಾಲಯವೇ ಲೇಸು ಎನ್ನುವ ಇನ್ನೊಂದು ಪಂಥದ ಜೊತೆ ಹೆಚ್ಚು ವಾದ ಬೇಡ. ಮಗುವನ್ನು ಅಜ್ಜಿಯಿಂದ, ಹೊಲದಿಂದ, ಕುಲದಿಂದ ಕಿತ್ತರೆ ದೊಡ್ಡವನಾದ ಮೇಲೆ ಅವನಿಗೆ ಮರಳಲು ಊರೇ ಇರುವುದಿಲ್ಲ. ಜಿಂಬಾಬ್ವೆಯ 1999ರ ಅನಾಥ ಮಕ್ಕಳ ಆರೈಕೆ ನೀತಿಯೂ ಅನಾಥಾಲಯವನ್ನು ಕಟ್ಟಕಡೆಯ ದಾರಿಯಾಗಿಟ್ಟಿತು.

ಹಾಗಾದರೆ ಸ್ವಯಂಸೇವಕಿಗೆ ಏನು ಕೊಡಬೇಕು? ನಗದು ಎಂದು ಥಟ್ಟನೆ ಹೇಳಲಾರೆ. 2008ರಲ್ಲಿ ಜಿಂಬಾಬ್ವೆ ಡಾಲರಿಗೆ ಕಾಗದದ ಬೆಲೆಯೂ ಉಳಿಯಲಿಲ್ಲ; 2009ರ ಜನವರಿಯಲ್ಲಿ ನೂರು ಲಕ್ಷ ಕೋಟಿಯ ನೋಟು ಅಚ್ಚಾಯಿತು. ನನ್ನ ಸಲಹೆ ಇದು: ನವೆಂಬರಿನ ಮಳೆಗೆ ಮುಂಚೆ ಬಿತ್ತನೆ ಮೆಕ್ಕೆಜೋಳ ಮತ್ತು ಗೊಬ್ಬರ, ಅವಳ ಸ್ವಂತ ಮಕ್ಕಳ ಶಾಲಾ ಶುಲ್ಕ. ಊರಿನ ಮುಖ್ಯಸ್ಥನ ಹೊಲದಲ್ಲಿ ಎಲ್ಲರೂ ದುಡಿದು ಕಣಜ ತುಂಬಿ, ಇಲ್ಲದವರಿಗೆ ಹಂಚುವ ‘ಜುಂಡೆ ರಮಾಂಬೊ’ ಪದ್ಧತಿ ಶೋನಾ ಜನರಲ್ಲಿ ಹಳೆಯದು. ಸ್ವಯಂಸೇವಕಿಯ ಪಾಲನ್ನೂ ಆ ಕಣಜದಿಂದಲೇ ಅಳೆದು ಕೊಡಬಹುದು. ಆಗ ಹೊರಗಿನ ಹಣ ನಿಂತರೂ ಅವಳ ಪಾಲು ನಿಲ್ಲುವುದಿಲ್ಲ.

ಇದು ದೂರದ ದೇಶದ ಮಾತಷ್ಟೇ ಅಲ್ಲ. ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರುವ ನಮ್ಮ ಆಶಾ ಕಾರ್ಯಕರ್ತೆಯರೂ ಸರ್ಕಾರದ ಕಡತದಲ್ಲಿ ಸ್ವಯಂಸೇವಕಿಯರೇ. ಇಲ್ಲಿ ಕುಳಿತವರಲ್ಲಿ ಟ್ರಸ್ಟು, ಚರ್ಚು, ಮಠಗಳನ್ನು ನಡೆಸುವವರು ಇದ್ದೀರಿ. ಮುಂದಿನ ಬಜೆಟ್ ಬರೆಯುವಾಗ ಮನೆಮನೆಗೆ ನಡೆಯುವವಳ ದುಡಿಮೆಯನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಕಟ್ಟಡ, ವಾಹನ, ವರದಿಯ ಖರ್ಚು ಆಮೇಲೆ ಬರಲಿ.