ಒಂಬತ್ತು ನಿಮಿಷದ ಕತ್ತಲೆ

2020ನೆಯ ಇಸವಿಯ ಏಪ್ರಿಲ್ 5, ಭಾನುವಾರ. ಪ್ರಧಾನಮಂತ್ರಿಗಳ ಕರೆಯಂತೆ ಅಂದು ರಾತ್ರಿ ಒಂಬತ್ತು ಗಂಟೆಗೆ ದೇಶದ ಕೋಟ್ಯಂತರ ಮನೆಗಳಲ್ಲಿ ವಿದ್ಯುದ್ದೀಪಗಳು ಆರಿದವು. ಜಗಲಿಗಳ ಮೇಲೆ ಹಣತೆಗಳು ಬೆಳಗಿದವು. ಕೊರೋನಾ ವ್ಯಾಧಿಗೆ ಹೆದರಿ ಬಾಗಿಲು ಹಾಕಿಕೊಂಡಿದ್ದ ಜನಕ್ಕೆ ಆ ಒಂಬತ್ತು ನಿಮಿಷ ಒಂದು ಸಮಾಧಾನ. ವಿದ್ಯುತ್ ಜಾಲವನ್ನು ಕಾಯುತ್ತಿದ್ದ ಎಂಜಿನಿಯರರಿಗಾದರೋ ಅದೊಂದು ಅಗ್ನಿಪರೀಕ್ಷೆ.

ಏಕೆಂದರೆ ವಿದ್ಯುತ್ತು ಕಣಜದಲ್ಲಿ ತುಂಬಿಡುವ ಭತ್ತವಲ್ಲ. ಎಷ್ಟು ಬೇಕೋ ಅಷ್ಟನ್ನು ಆ ಕ್ಷಣದಲ್ಲಿಯೇ ಹುಟ್ಟಿಸಬೇಕು. ಹೆಚ್ಚಾದರೂ ಅಪಾಯ, ಕಡಿಮೆಯಾದರೂ ಅಪಾಯ. ಬೇಡಿಕೆ ಹನ್ನೆರಡು, ಹದಿಮೂರು ಸಾವಿರ ಮೆಗಾವಾಟಿನಷ್ಟು ಇಳಿಯಬಹುದೆಂದು ಎಣಿಸಿದ್ದರು. ಇಳಿದದ್ದು 31,000 ಮೆಗಾವಾಟಿಗೂ ಮಿಕ್ಕು. ಜಾಲ ಕುಸಿಯಲಿಲ್ಲ. ಅದನ್ನು ಮುಖ್ಯವಾಗಿ ಉಳಿಸಿದ್ದು ನೀರು. ಜಲವಿದ್ಯುತ್ ಕೇಂದ್ರಗಳು ಆ ಕೆಲವೇ ನಿಮಿಷಗಳಲ್ಲಿ ತಮ್ಮ ಉತ್ಪಾದನೆಯನ್ನು 17,000 ಮೆಗಾವಾಟಿಗಿಂತ ಹೆಚ್ಚಾಗಿ ತಗ್ಗಿಸಿ, ದೀಪಗಳು ಮರಳಿ ಹೊತ್ತಿದಂತೆ ಮತ್ತೆ ಏರಿಸಿದವು.

ಬೇಡಿಕೆ ಅದಕ್ಕೆ ಮೊದಲೇ ಕುಗ್ಗಿತ್ತು. ಮಾರ್ಚ್ 25ರಿಂದ ಕಾರ್ಖಾನೆಗಳು ನಿಂತಿದ್ದವು, ರೈಲುಗಳು ನಿಂತಿದ್ದವು, ಕಚೇರಿಗಳು ಮುಚ್ಚಿದ್ದವು. ಮನೆಗಳ ಬಳಕೆ ಹೆಚ್ಚಿದರೂ ಈ ನಷ್ಟವನ್ನು ಅದು ತುಂಬಲಾರದಾಯಿತು. ಆ ಏಪ್ರಿಲ್ ತಿಂಗಳ ವಿದ್ಯುತ್ ಬಳಕೆ ಹಿಂದಿನ ವರ್ಷದ ಏಪ್ರಿಲಿಗಿಂತ ಐದನೆಯ ಒಂದು ಪಾಲಿಗೂ ಹೆಚ್ಚು ಕಡಿಮೆಯಾಯಿತು.

ಬೇಡಿಕೆ ತಗ್ಗಿದಾಗ ಯಾರನ್ನು ನಿಲ್ಲಿಸಬೇಕು? ಬಿಸಿಲಿಗೂ ಗಾಳಿಗೂ ಬೆಲೆ ತೆರಬೇಕಾಗಿಲ್ಲ. ಕಲ್ಲಿದ್ದಲನ್ನು ಕೊಳ್ಳಬೇಕು, ಸಾಗಿಸಬೇಕು. ಆದುದರಿಂದ ಹಿಂದೆ ಸರಿದದ್ದು ಕಲ್ಲಿದ್ದಲು. ಸೂರ್ಯ ಮತ್ತು ಗಾಳಿಯ ವಿದ್ಯುತ್ತನ್ನು ತಡೆಯಕೂಡದೆಂದು ಕೇಂದ್ರ ಸರ್ಕಾರವೂ ಆ ತಿಂಗಳು ಸ್ಪಷ್ಟಪಡಿಸಿತು. ಕಲ್ಲಿದ್ದಲಿನ ಯುಗಕ್ಕೆ ನಾಂದಿ ಹಾಡಿದ ಬ್ರಿಟನ್ನಿನಲ್ಲಿಯೇ ಅದೇ ಏಪ್ರಿಲಿನಿಂದ ಜೂನ್‌ವರೆಗೆ ಸುಮಾರು 68 ದಿನ ಒಂದು ಚೂರೂ ಕಲ್ಲಿದ್ದಲನ್ನು ಉರಿಸದೆ ವಿದ್ಯುತ್ ಒದಗಿತು. ಇತ್ತ ಪಂಜಾಬಿನ ಜಲಂಧರದ ಜನ ತಮ್ಮ ಮಾಳಿಗೆಗಳಿಂದ ದೂರದ ಧೌಲಾಧಾರ್ ಹಿಮಶಿಖರಗಳನ್ನು ಕಂಡು ಬೆರಗಾದರು.

ಆದರೆ ಮಿತ್ರರೇ, ಆ ನಿರ್ಮಲವಾದ ಆಕಾಶದ ಕೆಳಗೆಯೇ ಕೂಲಿ ಕಳೆದುಕೊಂಡವರು ಗಂಟುಮೂಟೆ ಹೊತ್ತು ಹೆದ್ದಾರಿಯುದ್ದಕ್ಕೂ ನಡೆದು ಹೋದರು ಎಂಬುದನ್ನು ಮರೆಯಬಾರದು. ಜ್ವರ ಬಂದವನು ಲಂಘನ ಮಾಡಿದರೆ ಅದು ವ್ರತವಾಗುವುದಿಲ್ಲ. ಜ್ವರ ಬಿಟ್ಟೊಡನೆ ಹಸಿವು ಇಮ್ಮಡಿಯಾಗಿ ಮರಳುತ್ತದೆ. ಆದದ್ದೂ ಹಾಗೆಯೇ. 2020ರಲ್ಲಿ ಜಗತ್ತಿನ ಇಂಗಾಲದ ಹೊಗೆ ನೂರಕ್ಕೆ ಐದು ಪಾಲಿನಷ್ಟು ಇಳಿಯಿತು. 2021ರಲ್ಲಿ ಹೆಚ್ಚುಕಡಿಮೆ ಅಷ್ಟೂ ಮರಳಿತು. ನಮ್ಮ ದೇಶದ ಬೇಡಿಕೆ ಆ ವರ್ಷದ ಜುಲೈನಲ್ಲಿ ಮೊದಲ ಬಾರಿಗೆ 2,00,000 ಮೆಗಾವಾಟನ್ನು ದಾಟಿತು. ಅಕ್ಟೋಬರಿನಲ್ಲಿ ಕಲ್ಲಿದ್ದಲಿನ ದಾಸ್ತಾನು ತಳ ಕಂಡಿತು.

ಹೊಸ ಶಕ್ತಿಗೂ ವ್ಯಾಧಿಯ ಪೆಟ್ಟು ತಗುಲದೆ ಇರಲಿಲ್ಲ. ಚೀನಾದಿಂದ ಬರಬೇಕಾದ ಸೌರಫಲಕಗಳು ತಡವಾದವು. ಅವನ್ನು ನಿಲ್ಲಿಸಬೇಕಾದ ಕೆಲಸಗಾರರು ಊರಿಗೆ ಮರಳಿದ್ದರು. ಹೆಚ್ಚಿನ ದರ ತೆರುತ್ತಿದ್ದ ಕೈಗಾರಿಕೆಗಳೇ ನಿಂತುದರಿಂದ ವಿದ್ಯುತ್ ಹಂಚುವ ಸಂಸ್ಥೆಗಳ ಬೊಕ್ಕಸ ಬರಿದಾಯಿತು. ಅವುಗಳ ಬಾಕಿ ತೀರಿಸಲೆಂದು 2020ರ ಮೇ ತಿಂಗಳಲ್ಲಿ 90,000 ಕೋಟಿ ರೂಪಾಯಿಗಳ ಸಾಲದ ಏರ್ಪಾಟನ್ನು ಪ್ರಕಟಿಸಬೇಕಾಯಿತು. ಹಣ ಸಲ್ಲಿಸಲಾರದವನು ಬಿಸಿಲನ್ನಾದರೂ ಹೇಗೆ ಕೊಂಡಾನು?

ನಮ್ಮ ಪಾವಗಡದಲ್ಲಿ ಮಳೆ ಕಾಣದ ಸುಮಾರು 13,000 ಎಕರೆ ರೈತರ ಹೊಲ ಇಂದು 2,050 ಮೆಗಾವಾಟ್ ಸಾಮರ್ಥ್ಯದ ಸೌರಕ್ಷೇತ್ರವಾಗಿದೆ. ಬರಕ್ಕೆ ಕಾರಣನಾದ ಸೂರ್ಯನೇ ಈಗ ಗೇಣಿ ತರುತ್ತಿದ್ದಾನೆ. ಆದರೆ ಮನೆಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಅವನು ಮುಳುಗಿರುತ್ತಾನೆ. ಅವನಿಗೆ ಜೊತೆಯಾಗಿ ಅಣೆಕಟ್ಟಿನ ನೀರು ಬೇಕು, ಹಗಲಿನ ಶಕ್ತಿಯನ್ನು ಇರುಳಿಗೆ ಕೂಡಿಡುವ ಉಪಾಯ ಬೇಕು. ಏಪ್ರಿಲ್ 5ರ ರಾತ್ರಿ ಕಲಿಸಿದ ಪಾಠವಿದು.

ಕಲ್ಲಿದ್ದಲು ಹಿಂದೆ ಸರಿಯಬಲ್ಲದೆಂಬುದನ್ನು ನಾವು ಕಣ್ಣಾರೆ ಕಂಡೆವು. ಅಂದು ಅದನ್ನು ಸರಿಸಿದ್ದು ವ್ಯಾಧಿ. ಇನ್ನು ಮುಂದೆ ಸರಿಸಬೇಕಾದದ್ದು ನಮ್ಮ ವಿವೇಕ. ಬಡವನ ಒಲೆ ಆರದಂತೆ ಆಕಾಶ ತಿಳಿಯಾಗುವ ದಿನವನ್ನೇ ನಾವು ಬಯಸಬೇಕು.